ದನದ ರಕ್ತಪರೀಕ್ಷೆಯ ವರದಿಯನ್ನು ಅಳೆದು ನೋಡುವುದು ಹೇಗೆ?

ಹಾವೇರಿಯ ದನದ ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. 2022ರಲ್ಲಿ ಚರ್ಮಗಂಟು ರೋಗವು ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಕೊಟ್ಟಿಗೆಗಳನ್ನು ಹೊಕ್ಕ ಮೇಲೆ ರಕ್ತಪರೀಕ್ಷೆಯ ಮಾತೂ ಅದರೊಂದಿಗೆ ಸೇರಿಕೊಂಡರೆ ಒಳ್ಳೆಯದೇ. ಆದರೆ ವರದಿಯಲ್ಲಿ ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂಬ ಒಂದೇ ಪದವನ್ನು ಓದಿ ದನವನ್ನು ಕೊಳ್ಳುವುದಾಗಲಿ, ಬಿಡುವುದಾಗಲಿ ಸರಿಯಲ್ಲ.

ಪರೀಕ್ಷೆಗೆ ನಾವು ಕೇಳುತ್ತಿರುವ ಪ್ರಶ್ನೆ ಯಾವುದು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಪಿಸಿಆರ್ ಪರೀಕ್ಷೆಯು ವೈರಾಣುವಿನ ಅಂಶವನ್ನೇ ಹುಡುಕುತ್ತದೆ. ಅಂದರೆ ‘ಈಗ ಸೋಂಕು ಇದೆಯೇ’ ಎಂಬುದಕ್ಕೆ ಉತ್ತರಿಸುತ್ತದೆ. ಎಲೈಸಾ ಸಾಮಾನ್ಯವಾಗಿ ಹುಡುಕುವುದು ವೈರಾಣುವಿನ ವಿರುದ್ಧ ದೇಹವು ತಯಾರಿಸಿದ ಪ್ರತಿಕಾಯಗಳನ್ನು. ಅದು ಹೇಳುವುದು ‘ಈ ದನವು ಆ ವೈರಾಣುವನ್ನು ಅಥವಾ ಅದರ ಲಸಿಕೆಯನ್ನು ಎಂದಾದರೂ ಕಂಡಿದೆಯೇ’ ಎಂಬುದನ್ನು ಮಾತ್ರ.

ಎರಡನೆಯದಾಗಿ, ಜ್ವರ ಬಂದು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಬೇಕು. ಚರ್ಮಗಂಟು ರೋಗದಲ್ಲಿ ವೈರಾಣುವು ರಕ್ತದಲ್ಲಿ ಒಂದೆರಡು ವಾರ, ಅದೂ ಬಿಟ್ಟು ಬಿಟ್ಟು ಕಾಣಿಸಿಕೊಳ್ಳುತ್ತದೆ. ಆದರೆ ಚರ್ಮದ ಗಂಟಿನಲ್ಲಿ ಮತ್ತು ಉದುರುವ ಹಕ್ಕಳೆಯಲ್ಲಿ ಅದಕ್ಕಿಂತ ಬಹಳ ದಿನ ಉಳಿದಿರುತ್ತದೆ. ಆದ್ದರಿಂದ ಮೈತುಂಬ ಗಂಟು ಎದ್ದಿರುವ ಆಕಳಿನ ರಕ್ತದ ಪಿಸಿಆರ್ ನೆಗೆಟಿವ್ ಬಂದರೂ ರೋಗವಿಲ್ಲವೆಂದು ತಿಳಿಯದೆ, ಹಕ್ಕಳೆಯ ಮಾದರಿಯನ್ನು ಕಳಿಸುವಂತೆ ಪಶುವೈದ್ಯರನ್ನು ಕೇಳಿಕೊಳ್ಳಬೇಕು. ಇದಕ್ಕೆ ವಿರುದ್ಧವಾಗಿ, ಜ್ವರದ ಮೊದಲ ದಿನಗಳಲ್ಲಿ ಪ್ರತಿಕಾಯಗಳು ಇನ್ನೂ ಮೂಡಿರುವುದಿಲ್ಲವಾದ್ದರಿಂದ ಆಗ ಮಾಡಿಸಿದ ಎಲೈಸಾದ ನೆಗೆಟಿವ್ ಫಲಿತಾಂಶಕ್ಕೆ ಹೆಚ್ಚಿನ ಬೆಲೆಯಿಲ್ಲ.

ಮೂರನೆಯದು ಲಸಿಕೆಯ ದಿನಾಂಕ. ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಚರ್ಮಗಂಟು ರೋಗದ ತಡೆಗೆ ಹಾಕಿದ ಆಡಿನ ಸಿಡುಬಿನ ಲಸಿಕೆಯೂ ಅದೇ ಗುಂಪಿನ ವೈರಾಣುವಿನದಾದ್ದರಿಂದ, ಪ್ರತಿಕಾಯವು ಲಸಿಕೆಯಿಂದ ಬಂದದ್ದೋ ರೋಗದಿಂದ ಬಂದದ್ದೋ ಎಂದು ಸಾಮಾನ್ಯ ಎಲೈಸಾ ಬೇರ್ಪಡಿಸಲಾರದು. ಕಾಲುಬಾಯಿ ರೋಗದಲ್ಲಿ ಮಾತ್ರ ಇದಕ್ಕೊಂದು ಉಪಾಯವಿದೆ. ಆ ಲಸಿಕೆಯನ್ನು ಶುದ್ಧೀಕರಿಸುವಾಗ ವೈರಾಣುವಿನ ಕೆಲವು ಪ್ರೋಟೀನುಗಳನ್ನು ತೆಗೆದುಹಾಕಿರುತ್ತಾರೆ. ನಿಜವಾದ ಸೋಂಕಿನಲ್ಲಿ ಮಾತ್ರ ಅವುಗಳಿಗೆ ಪ್ರತಿಕಾಯ ಹುಟ್ಟುತ್ತದೆ. ಆದಕಾರಣ ಕಾಲುಬಾಯಿಗೆ ಆ ಪ್ರತಿಕಾಯಗಳನ್ನೇ ಹುಡುಕುವ ‘ಎನ್‌ಎಸ್‌ಪಿ ಎಲೈಸಾ’ ಮಾಡಿದ್ದಾರೆಯೇ ಎಂದು ವರದಿಯಲ್ಲಿ ನೋಡಬೇಕು. ಎಳೆಗರುವಿನ ವರದಿಯಾದರೆ ಇನ್ನೊಂದು ಎಚ್ಚರಿಕೆ ಬೇಕು: ಗಿಣ್ಣದ ಹಾಲಿನಿಂದ ಬಂದ ತಾಯಿಯ ಪ್ರತಿಕಾಯಗಳು ಕರುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಇರುತ್ತವೆ.

ರಕ್ತ ತೆಗೆಯುವ ಕೆಲಸ ಪಶುವೈದ್ಯರದು. ಆದರೂ ಪ್ರತಿ ದನಕ್ಕೂ ಹೊಸ ಸೂಜಿ ಬಳಸುವುದನ್ನು ಮಾಲೀಕರು ಕಣ್ಣಾರೆ ನೋಡಬೇಕು. ಪಿಸಿಆರ್‌ಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ನಳಿಕೆ, ಎಲೈಸಾಕ್ಕೆ ರಕ್ತ ಹೆಪ್ಪುಗಟ್ಟಿ ಸೀರಂ (ರಕ್ತದ ತಿಳಿ ದ್ರವ) ಬೇರ್ಪಡುವ ಕೆಂಪು ಮುಚ್ಚಳದ ನಳಿಕೆ ಬೇಕು. ಬಿಸಿಲಲ್ಲಿ ಇಟ್ಟ ಅಥವಾ ಬೈಕಿನ ಮೇಲೆ ಕುಲುಕಾಡಿ ರಕ್ತಕಣಗಳು ಒಡೆದ ಮಾದರಿಯಿಂದ ನಂಬಬಹುದಾದ ಉತ್ತರ ಬರುವುದಿಲ್ಲ.

ಇನ್ನು ಪರೀಕ್ಷೆಯ ನಿಖರತೆ. ಲೆಕ್ಕಕ್ಕಾಗಿ, 200 ದನಗಳಿರುವ ಊರಿನಲ್ಲಿ 10ಕ್ಕೆ ಸೋಂಕು ಇದೆ ಎಂದುಕೊಳ್ಳೋಣ. ಪರೀಕ್ಷೆಯು ಸೋಂಕಿತ 100 ದನಗಳಲ್ಲಿ 90ನ್ನು ಹಿಡಿಯುತ್ತದೆ, ಸೋಂಕಿಲ್ಲದ 100ರಲ್ಲಿ 90ನ್ನು ಸರಿಯಾಗಿ ನೆಗೆಟಿವ್ ಎನ್ನುತ್ತದೆ ಎಂದಿರಲಿ. ಆಗ 10ರಲ್ಲಿ 9 ಸಿಕ್ಕಿಬೀಳುತ್ತವೆ. ಆದರೆ ಸೋಂಕಿಲ್ಲದ 190ರಲ್ಲಿ 19 ದನಗಳಿಗೂ ಪಾಸಿಟಿವ್ ಬರುತ್ತದೆ. ಒಟ್ಟು 28 ಪಾಸಿಟಿವ್‌ಗಳಲ್ಲಿ ನಿಜವಾದವು 9 ಮಾತ್ರ. ಅದೇ ಊರಿನಲ್ಲಿ ರೋಗ ಹಬ್ಬಿ 100 ದನಗಳಿಗೆ ಸೋಂಕು ತಗುಲಿದ್ದರೆ, 100 ಪಾಸಿಟಿವ್‌ಗಳಲ್ಲಿ 90 ನಿಜವಾಗಿರುತ್ತವೆ. ಪರೀಕ್ಷೆ ಒಂದೇ, ನಳಿಕೆ ಒಂದೇ. ಊರಿನಲ್ಲಿ ರೋಗ ಎಷ್ಟಿದೆ ಎಂಬುದರ ಮೇಲೆ ವರದಿಯ ತೂಕ ಬದಲಾಗುತ್ತದೆ. ರೋಗದ ಸುಳಿವೇ ಇಲ್ಲದ ಊರಿನಲ್ಲಿ ಒಂದು ಒಳ್ಳೆಯ ಹೋರಿಗೆ ಪಾಸಿಟಿವ್ ಬಂತೆಂದು ಗಾಬರಿಯಿಂದ ಮಾರಿಬಿಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. (ಇಷ್ಟು ಮಿತಿಗಳಿದ್ದರೂ ರಕ್ತಪರೀಕ್ಷೆಯ ಶಕ್ತಿ ಸಣ್ಣದಲ್ಲ: ದನಗಳ ದೊಡ್ಡರೋಗವು (ರಿಂಡರ್‌ಪೆಸ್ಟ್) ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲು ಇದ್ದ ಆಧಾರಗಳಲ್ಲಿ ದನಗಳ ಸೀರಂ ಪರೀಕ್ಷೆಯೂ ಒಂದು.)

ಸಂಶಯ ಉಳಿದರೆ ಎರಡರಿಂದ ಮೂರು ವಾರ ಬಿಟ್ಟು ಅದೇ ದನದ ಸೀರಂ ಅನ್ನು ಮತ್ತೆ ಕಳಿಸಿ, ಎರಡೂ ಮಾದರಿಗಳನ್ನು ಒಟ್ಟಿಗೆ ಪರೀಕ್ಷಿಸುವಂತೆ ಕೋರಬೇಕು. ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ಸೋಂಕು ಇತ್ತೀಚಿನದು. ಮಾದರಿಯ ಜೊತೆಯ ಚೀಟಿಯಲ್ಲಿ ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ವಯಸ್ಸು, ಜ್ವರ ಕಾಣಿಸಿದ ದಿನ, ಲಸಿಕೆಯ ಹೆಸರು ಮತ್ತು ದಿನಾಂಕ ಇರಲೇಬೇಕು. ಎರಡನೆಯ ಫಲಿತಾಂಶ ಬರುವವರೆಗೆ ಆ ದನವನ್ನು ಬೇರೆ ಗೂಟಕ್ಕೆ ಕಟ್ಟಿ, ಅದರ ನೀರಿನ ಬಕೆಟ್ಟನ್ನೂ ಮೇವನ್ನೂ ಬೇರೆಯಾಗಿಯೇ ಇಡಬೇಕು.