ಇಂಗ್ಲಿಷ್ ಬಾರದ ಕ್ಲಾಸ್‌ಮೇಟ್ಸ್ ಜೊತೆ ಮಾಸ್ಕೋದಲ್ಲಿ ರಷ್ಯನ್ ಕಲಿತಿದ್ದು

ರಷ್ಯನ್ ಕಲಿಯೋಕೆ ರಷ್ಯಾಗೇ ಹೋಗ್ಬೇಕಾ, ಇಲ್ಲೇ ಆನ್‌ಲೈನ್ ಕ್ಲಾಸ್ ಸಾಕಾಗಲ್ವಾ ಅಂತ ತುಂಬಾ ಜನ ಕೇಳ್ತಾರೆ. ಗ್ರಾಮರ್ ಅಷ್ಟೇ ಬೇಕು ಅಂದ್ರೆ ಇಲ್ಲೇ ಸಾಕು ಕಣ್ರೀ. ನಂಗೆ ಬಾಯಿ ಬಿಡಿಸಿದ್ದು ಮಾತ್ರ ಟೀಚರ್‌ಗಿಂತ ಹೆಚ್ಚಾಗಿ ಜೊತೇಲಿ ಕೂತಿದ್ದವರು, ಯಾಕಂದ್ರೆ ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಇಂಗ್ಲಿಷೇ ಬರ್ತಿರ್ಲಿಲ್ಲ.

ನಾನು ಸೇರಿದ್ದು ಮಾಸ್ಕೋದ ಪುಷ್ಕಿನ್ ಇನ್ಸ್ಟಿಟ್ಯೂಟ್‌ಗೆ. 1966ರಲ್ಲಿ ಶುರುವಾಗಿದ್ದು, ವಿದೇಶಿಯರಿಗೆ ರಷ್ಯನ್ ಕಲಿಸೋದೇ ಇದರ ಮುಖ್ಯ ಕೆಲಸ, ಬೆಲ್ಯಾಯೆವೊ ಮೆಟ್ರೋ ಸ್ಟೇಷನ್ ಕಡೆ ಬರುತ್ತೆ. ನಮ್ಮ ಗುಂಪಲ್ಲಿ ಚೀನಾದವರು, ವಿಯೆಟ್ನಾಂನವರು, ಒಬ್ಬ ಸಿರಿಯಾದವನು, ಒಬ್ಬಳು ಕೊಲಂಬಿಯಾದವಳು, ಮತ್ತೆ ನಾನು. ಮೊದಲ ದಿನದಿಂದ್ಲೇ ಟೀಚರ್ ರಷ್ಯನ್‌ನಲ್ಲೇ ಮಾತು, ಇಂಗ್ಲಿಷಲ್ಲಿ ಕೇಳಿದ್ರೆ ನಕ್ಕು ಮತ್ತೆ ರಷ್ಯನ್‌ನಲ್ಲೇ ಇನ್ನೂ ನಿಧಾನಕ್ಕೆ ಹೇಳೋರು. ಟೀಚರ್‌ನ ಮೇಡಂ ಅಂತ ಕರೆಯೋ ಹಾಗಿಲ್ಲ, ಅವರ ಹೆಸರು ಜೊತೆಗೆ ಅವರಪ್ಪನ ಹೆಸರಿಗೊಂದು ಬಾಲ ಸೇರಿಸಿ ಎರಡನ್ನೂ ಪೂರ್ತಿ ಹೇಳ್ಬೇಕು. ಅಪ್ಪನ ಹೆಸರನ್ನ ಇನಿಷಿಯಲ್ ಮಾಡಿಟ್ಕೊಂಡಿರೋ ನಮಗೆ ಇದೇನು ದೊಡ್ಡ ವಿಷಯ ಅಲ್ಲ ಬಿಡಿ, ಕೊಲಂಬಿಯಾದವಳಿಗೆ ಮಾತ್ರ ಸುಮಾರು ದಿನ ನಾಲಿಗೆ ತಿರುಗ್ತಿರ್ಲಿಲ್ಲ.

ಕನ್ನಡದವರು ಹೋಗೋದಾದ್ರೆ ಒಂದು ಮಾತು: ದಯವಿಟ್ಟು ಇಂಗ್ಲಿಷ್ ಮೂಲಕ ಕಲೀಬೇಡಿ. "ಎತ ದೋಮ್" ಅಂದ್ರೆ "ಇದು ಮನೆ", ನಮ್ಮ ಹಾಗೇ ಎರಡೇ ಪದ, ಮಧ್ಯೆ ಏನೂ ಬೇಡ. "ನಂಗೆ ಚಳಿ", "ನಂಗೆ ಇಪ್ಪತ್ತು ವರ್ಷ", "ನನ್ನ ಹತ್ರ ಪುಸ್ತಕ ಇದೆ" ಇವೆಲ್ಲಾ ರಷ್ಯನ್‌ನಲ್ಲೂ ಹೆಚ್ಚುಕಮ್ಮಿ ಇದೇ ಥರ. ನೀನು-ನೀವು ಕೂಡ ಇದೆ. ಮೆಕ್ಸಿಕೋದಿಂದ ಬೀಜಿಂಗ್‌ವರೆಗೂ ಎಷ್ಟೋ ಜನ ತಲೆ ಕೆರ್ಕೊಳೋ ಜಾಗದಲ್ಲಿ ನಾವು ಆರಾಮಾಗಿ ದಾಟ್ಕೊಂಡು ಹೋಗ್ಬಹುದು. ಉಚ್ಚಾರಣೆಯಲ್ಲೂ ಅಷ್ಟೇ, ಅವರ ತ, ದ ನಮ್ಮ ತ, ದ ಥರ ಹಲ್ಲಿಗೆ ತಾಗೋದು, ಇಂಗ್ಲಿಷ್ ನೆನಪಲ್ಲಿ ಟ, ಡ ಅಂದ್ರೆ ಕೆಟ್ಟದಾಗಿ ಕೇಳುತ್ತೆ. ನಮಗೆ ಕಷ್ಟ ಆಗೋದು ಬೇರೆ ಕಡೆ: ಬರೆದಿದ್ದನ್ನ ಬರೆದ ಹಾಗೇ ಓದೋ ಅಭ್ಯಾಸ ನಮ್ಮದು, ಅಲ್ಲಿ ಒತ್ತಿ ಹೇಳದ "ಒ" ಎಲ್ಲಾ "ಅ" ಆಗ್ಬಿಡುತ್ತೆ, ಹಾಲಿಗೆ "ಮೊಲೊಕೊ" ಅಂತ ಬರೆದು "ಮಲಕೋ" ಅಂತಾರೆ. ಆ ಒತ್ತು ಎಲ್ಲಿ ಬೀಳುತ್ತೆ ಅಂತ ಪಾಠದ ಪುಸ್ತಕದ ಹೊರಗೆ ಯಾರೂ ಗುರುತು ಹಾಕಿರಲ್ಲ. ನಮ್ಮ ವಿಯೆಟ್ನಾಂ ಹುಡುಗ ಪ್ಯಾತ್ಯೋರಚ್ಕಾ ಅಂಗಡಿ ಕೌಂಟರಲ್ಲಿ "ಪ್ಲಚೂ" ಅನ್ನೋ ಬದಲು "ಪ್ಲಾಚು" ಅಂದ್ಬಿಟ್ಟ, ಅಂದ್ರೆ "ದುಡ್ಡು ಕೊಡ್ತೀನಿ" ಅನ್ನೋಕೆ ಹೋಗಿ "ಅಳ್ತಾ ಇದೀನಿ". ಕ್ಯಾಷಿಯರ್ ಹೆಂಗಸು ಒಂಚೂರೂ ನಗದೆ "ಎಲ್ಲಾರೂ ಅಳ್ತಾರಪ್ಪ ಇಲ್ಲಿ" ಅಂತ ಚಿಲ್ಲರೆ ಕೊಟ್ಟರು.

ವಿಭಕ್ತಿ ಆರೇ, ಎಣಿಸಿದ್ರೆ ನಮಗಿಂತ ಕಮ್ಮಿ. ಆದ್ರೆ ನಮ್ಮಲ್ಲಿ "ಹೊಸ ಮನೆ", "ಹೊಸ ಮನೇಲಿ" ಅಂದಾಗ "ಹೊಸ" ಅಲ್ಲಾಡಲ್ಲ, ಅಲ್ಲಿ "ನೋವಿ ದೋಮ್" ಅನ್ನೋದು "ವ್ ನೋವಮ್ ದೋಮ್ಯೆ" ಆಗುತ್ತೆ, ಅದೂ ಲಿಂಗಕ್ಕೊಂದು ವಚನಕ್ಕೊಂದು. ನಾನು ವಿಭಕ್ತಿ ಟೇಬಲ್ ಬಾಯಿಪಾಠ ಮಾಡೋದು ಬಿಟ್ಟು ದುಡ್ಡಿನ ಮೇಲೆ ಕಲಿತೆ. ಒಂದು ರೂಬಲ್, ಎರಡರಿಂದ ನಾಲ್ಕಕ್ಕೆ ಒಂದು ರೂಪ, ಐದರಿಂದ ಮೇಲೆ ಇನ್ನೊಂದು ರೂಪ, ಇಪ್ಪತ್ತೊಂದಕ್ಕೆ ತಿರುಗಿ ಏಕವಚನ! 2022ರ ಮಾರ್ಚ್ ಆದ್ಮೇಲೆ ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ನಡೆಯಲ್ಲ, ಹಾಗಾಗಿ ಕ್ಯಾಷೇ ಎಣಿಸ್ಬೇಕು, ದಿನಾ ಎಣಿಸಿ ಎಣಿಸಿ ಬಂತು.

ನಿಜವಾದ ಕ್ಲಾಸ್ ನಡೀತಿದ್ದಿದ್ದು ಹಾಸ್ಟೆಲ್ ಅಡುಗೆಮನೇಲಿ. ನಾನು ಗ್ರೇಚ್ಕಾ ಅಂತ ಸಿಗೋ ಕಾಳಲ್ಲಿ ಉಪ್ಪಿಟ್ಟು ಮಾಡ್ತಿದ್ದೆ, ರವೆಯಷ್ಟು ಚೆನ್ನಾಗಿಲ್ಲ ಆದ್ರೆ ಹೊಟ್ಟೆ ತುಂಬುತ್ತೆ, ಕೆಫೀರ್ ಅನ್ನೋ ಹುಳಿ ಹಾಲಿಗೆ ನೀರು ಉಪ್ಪು ಹಾಕಿದ್ರೆ ಮಜ್ಜಿಗೆ ಲೆಕ್ಕ. ಸಾಸಿವೆ ಸಿಡಿದ ತಕ್ಷಣ ಎಲ್ಲಾರೂ ಬಾಗಿಲಿಗೆ ಬರೋರು, ಇದೇನು, ಯಾಕೆ ಸಿಡಿಯುತ್ತೆ, ಖಾರನಾ ಅಂತ. ಅದನ್ನ ಅವರಿಗೆ ಅರ್ಥ ಮಾಡ್ಸೋಕೆ ನನ್ನ ಹತ್ರ ಇದ್ದಿದ್ದು ರಷ್ಯನ್ ಒಂದೇ. ಅಲ್ಲೇ ನಾವೊಂದು ಆಟ ಶುರು ಮಾಡಿದ್ವಿ. ಯಾರಾದ್ರೂ ಬಾಗಿಲು ದಾಟಿದ್ರೆ ಉಳಿದವರು ಅದನ್ನ ಕಾಮೆಂಟರಿ ಥರ ಜೋರಾಗಿ ಹೇಳ್ಬೇಕು: ಒಳಗೆ ಬಂದ, ಹೊರಗೆ ಹೋದ, ಅಂಗಡಿಗೆ ನಡ್ಕೊಂಡು ಹೋಗ್ತಿದಾನೆ, ದಿನಾ ಹೋಗ್ತಿರ್ತಾನೆ, ಬಸ್ಸಲ್ಲಿ ಹೋದ. ರಷ್ಯನ್‌ನಲ್ಲಿ ಇದಕ್ಕೆಲ್ಲಾ ಬೇರೆ ಬೇರೆ ಕ್ರಿಯಾಪದ, ನಡ್ಕೊಂಡು ಹೋಗೋದೇ ಬೇರೆ ಗಾಡೀಲಿ ಹೋಗೋದೇ ಬೇರೆ, ಒಂದ್ಸಲಕ್ಕೆ ಬೇರೆ ಯಾವಾಗ್ಲೂ ಹೋಗೋದಕ್ಕೆ ಬೇರೆ. ಕ್ಲಾಸಲ್ಲಿ ಟೀಚರ್ ಬೋರ್ಡ್ ತುಂಬಾ ಬಾಣ ಎಳೆದಾಗ ತಲೆಗೆ ಹತ್ತದೇ ಇದ್ದಿದ್ದು ಈ ಆಟದಲ್ಲಿ ಹತ್ತಿತು, ಸಿರಿಯಾದವನು ಬೇಕಂತ್ಲೇ ಬಾಗಿಲಲ್ಲಿ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತ್ಕೊಂಡು "ಈಗ ಹೇಳಿ ನೋಡೋಣ" ಅನ್ನೋನು.

ಇದರಲ್ಲಿ ಒಂದು ತೊಂದರೆನೂ ಇದೆ, ಅದನ್ನ ಯಾರೂ ಹೇಳಲ್ಲ. ನಮ್ಮ ನಮ್ಮಲ್ಲೇ ಮಾತಾಡ್ತಾ ಮಾತಾಡ್ತಾ ನಮ್ಮದೇ ಒಂದು ರಷ್ಯನ್ ಹುಟ್ಕೊಳ್ಳುತ್ತೆ. ಸಿರಿಯಾದವನ "ಪ" ಎಲ್ಲಾ "ಬ", ಚೀನಾದವರಲ್ಲಿ ಕೆಲವರಿಗೆ "ರ"-"ಲ" ಒಂದೇ, ಕೊಲಂಬಿಯಾದವಳಿಗೆ "ಬ"-"ವ" ಒಂದೇ. ನಮಗೆ ಅವರದು ಪಕ್ಕಾ ಅರ್ಥ ಆಗುತ್ತೆ, ಬೀದೀಲಿ ರಷ್ಯದವರು ಒಂದು ವಾಕ್ಯ ಹೇಳಿದ್ರೆ ಆಗಲ್ಲ. ಅದಕ್ಕೆ ಕಿವಿಗೆ ಬೇರೆ ಅಭ್ಯಾಸ ಕೊಡ್ಬೇಕು. ನಾನು ಮೆಟ್ರೋದಲ್ಲಿ ಫೋನ್ ಒಳಗಿಟ್ಟು ಅನೌನ್ಸ್‌ಮೆಂಟ್ ಕೇಳ್ತಿದ್ದೆ. ಮಾಸ್ಕೋ ಮೆಟ್ರೋದಲ್ಲಿ ಊರಿನ ಮಧ್ಯಕ್ಕೆ ಹೋಗೋ ರೈಲಲ್ಲಿ ಗಂಡಸಿನ ದನಿ, ಮಧ್ಯದಿಂದ ಹೊರಗೆ ಬರೋದ್ರಲ್ಲಿ ಹೆಂಗಸಿನ ದನಿ, ಹಾಗಾಗಿ ಬೆಲ್ಯಾಯೆವೊಗೆ ವಾಪಸ್ ಬರುವಾಗ ಗಂಡಸಿನ ದನಿ ಕೇಳಿದ್ರೆ ರೈಲು ತಪ್ಪು ಅಂತ ಅರ್ಥ. ಆಮೇಲೆ ಹಾಸ್ಟೆಲ್ ಬಾಗಿಲಲ್ಲಿ ಕೂರ್ತಿದ್ದ ಅಜ್ಜಿ ಹತ್ರ ದಿನಾ ಎರಡು ಮಾತು. ಟೋಪಿ ಹಾಕ್ಕೊಂಡಿಲ್ಲ ಅಂತ ಅವರು ಬೈಯೋದನ್ನ ಪೂರ್ತಿ ಅರ್ಥ ಮಾಡ್ಕೊಂಡ ದಿನ ನಂಗೆ ನಿಜವಾಗ್ಲೂ ಖುಷಿ ಆಯ್ತು.

ಪರೀಕ್ಷೆ ಬಗ್ಗೆ ಬೇಗ ಹೇಳ್ಬಿಡ್ತೀನಿ. ಯೂನಿವರ್ಸಿಟಿಗೆ ರಷ್ಯನ್ ಮೀಡಿಯಂನಲ್ಲಿ ಸೇರೋಕೆ ಸಾಮಾನ್ಯವಾಗಿ ಬಿ1 ಅನ್ನೋ ಮಧ್ಯಮ ಮಟ್ಟದ ರಷ್ಯನ್ ಪರೀಕ್ಷೆ ಕೇಳ್ತಾರೆ, ಅದಕ್ಕೆ ಸುಮಾರು 2300 ಪದ. ಗ್ರಾಮರ್, ಓದು, ಕೇಳೋದು, ಬರೆಯೋದು, ಮಾತು ಅಂತ ಐದು ಭಾಗ, ಒಂದೊಂದರಲ್ಲೂ 66 ಪರ್ಸೆಂಟ್ ಬರ್ಬೇಕು, ಒಂದರಲ್ಲಿ ಮಾತ್ರ 60ರವರೆಗೂ ಬಿಡ್ತಾರೆ. ಬರೆಯೋಕೆ ಕೈಬರಹ ಮೊದಲಿಂದ್ಲೇ ಕಲಿಯಿರಿ, ಪ್ರಿಂಟಿನ "ತ" ಅಲ್ಲಿ ಇಂಗ್ಲಿಷಿನ ಎಂ ಥರ ಕಾಣುತ್ತೆ, ಬೋರ್ಡ್ ಮೇಲೆ ಬರೆಯೋದೂ ಅದೇ.

ರೂಮ್ ಕೊಡೋವಾಗ ಇಂಡಿಯನ್ಸ್ ಜೊತೆ ಹಾಕ್ಲಾ ಅಂತ ಕೇಳಿದ್ರೆ ಬೇಡ ಅನ್ನಿ. ಅನ್ನ ಸಾರು ಬೇಕಾದ್ರೆ ಭಾನುವಾರ ಅವರ ರೂಮಿಗೆ ಹೋದ್ರಾಯ್ತು.