ದೇಹ ಬಲಗುಂದುವಾಗ ನಿತ್ಯಜೀವದ ನಿರೀಕ್ಷೆಯಲ್ಲಿ ನೆಲೆಗೊಳ್ಳುವ ಬಗೆ

ಕಾಯಿಲೆಯಿಂದಲೋ ಮುಪ್ಪಿನಿಂದಲೋ ದೇಹ ಸೋಲತೊಡಗಿದಾಗ, ಮೊದಲು ಆ ನೋವನ್ನು ಮರೆಮಾಚದೆ ದೇವರ ಮುಂದೆ ಹೇಳಿಕೊಳ್ಳಿರಿ. ಮುಪ್ಪಿನಲ್ಲಿ ತನ್ನನ್ನು ತಳ್ಳಿಬಿಡಬಾರದೆಂದು ಮೊರೆಯಿಡುವ, ಬೈಬಲಿನ 71ನೆಯ ಕೀರ್ತನೆಯನ್ನು ನಿಮ್ಮದೇ ಪ್ರಾರ್ಥನೆಯಾಗಿ ಓದಬಹುದು. ತೀರಿಹೋದ ಗೆಳೆಯ ಲಾಜರನ ಸಮಾಧಿಗೆ ಹೋಗುವಾಗ ಯೇಸುವೇ ಕಣ್ಣೀರಿಟ್ಟಿರುವುದರಿಂದ, ಅಳುವನ್ನು ಅವಿಶ್ವಾಸವೆಂದು ಎಣಿಸಬೇಕಾಗಿಲ್ಲ.

ಅನಂತರ ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರದ, ಅಂದರೆ 2 ಕೊರಿಂಥ 4:16ರಿಂದ 5:10ರವರೆಗಿನ ಭಾಗವನ್ನು ನಿಧಾನವಾಗಿ, ಸಾಧ್ಯವಾದರೆ ಗಟ್ಟಿಯಾಗಿ ಓದಿರಿ. ಸ್ವತಃ ಗುಡಾರ ಮಾಡುವ ಕಸುಬಿನವನಾಗಿದ್ದ ಪೌಲನು ಈ ದೇಹವನ್ನು ಗುಡಾರವೆಂದು ಕರೆದು, ಅದು ಕಿತ್ತುಹೋದರೂ ದೇವರಿಂದಾದ ಶಾಶ್ವತ ಕಟ್ಟಡವೊಂದು ಪರಲೋಕದಲ್ಲಿ ನಮಗಿದೆ ಎನ್ನುತ್ತಾನೆ. ಆದರೆ ಗುಡಾರದಲ್ಲಿರುವಷ್ಟು ಕಾಲ ನಾವು ನರಳುತ್ತೇವೆ ಎಂಬುದನ್ನೂ ಅವನು ಮುಚ್ಚಿಡುವುದಿಲ್ಲ. ನನ್ನ ಮಟ್ಟಿಗೆ ಈ ಭಾಗದ ಬಲವಿರುವುದು ಆ ಪ್ರಾಮಾಣಿಕತೆಯಲ್ಲೇ. ಕ್ರೈಸ್ತ ನಿರೀಕ್ಷೆ ದೇಹವನ್ನು ತಿರಸ್ಕರಿಸುವುದಿಲ್ಲ. ಬಲಹೀನತೆಯಲ್ಲಿ ಬಿತ್ತಲ್ಪಟ್ಟದ್ದು ಬಲದಲ್ಲಿ ಎದ್ದುಬರುತ್ತದೆ ಎಂದು 1 ಕೊರಿಂಥ 15:43 ಹೇಳುತ್ತದೆ. ಪುನರುತ್ಥಾನಗೊಂಡ ಯೇಸುವಿನ ಕೈಗಳಲ್ಲಿ ಮೊಳೆಯ ಗುರುತುಗಳು ಉಳಿದಿದ್ದವು ಎಂಬುದನ್ನು ಈ ಹೊತ್ತಿನಲ್ಲಿ ವಿಶೇಷವಾಗಿ ಧ್ಯಾನಿಸಿರಿ.

ಔಷಧೋಪಚಾರವನ್ನು ಬಿಡಬಾರದು. ದೀರ್ಘ ಪ್ರಾರ್ಥನೆಗೆ ಶಕ್ತಿಯಿಲ್ಲದ ದಿನ ಒಂದೇ ವಾಕ್ಯ ಸಾಕು. ಅದೂ ಆಗದಿದ್ದರೆ, ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆಂಬ ರೋಮಾಪುರ 8:26ರ ಮಾತನ್ನು ಹತ್ತಿರವಿರುವವರು ಓದಿಹೇಳಲಿ.