ತೋಟದ ಮದ್ದು, ಮಳೆ ನೀರು, ನಮ್ಮ ಗೋಲ್ಡ್‌ಫಿಶ್ ಹೊಂಡ

ನಮ್ಮ ಹೊಂಡದಲ್ಲಿ ಮೊದಲ ಸಲ ಮೀನು ಸತ್ತಿದ್ದು ತೋಟಕ್ಕೆ ಮದ್ದು ಹೊಡೆದ ಮಾರನೇ ದಿನ. ಬೆಳಿಗ್ಗೆ ಹೋಗಿ ನೋಡಿದರೆ ನಾಲ್ಕು ಮೀನು ಅಡ್ಡ ಬಿದ್ದಿದ್ದವು. ಉಳಿದ ಎಂಟು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಏನೋ ಕಾಯಿಲೆ ಇರಬೇಕು ಅಂದುಕೊಂಡೆ. ಅತ್ತೆ ಬಂದು ಒಂದು ಕ್ಷಣ ನೋಡಿದರು. "ತಂಗೀ, ನಿನ್ನೆಯ ಮದ್ದು ಇಲ್ಲಿಗೂ ಬಿದ್ದಿದೆ ಅಲ್ವಾ, ಕಲ್ಲಿನ ಮೇಲೆ ನೀಲಿ ಕಾಣ್ತಾ ಇದೆ" ಅಂದರು. ಹೌದು, ಹೊಂಡದ ಅಂಚಿನ ಚಿರೆಕಲ್ಲಿನ ಮೇಲೆ ತಿಳಿ ನೀಲಿ ಹನಿಗಳಿದ್ದವು.

ನಮ್ಮ ಮನೆ ಶಿರಸಿ ಹತ್ತಿರ. ಅಂಗಳ ಮುಗಿದಲ್ಲೇ ಅಡಿಕೆ ತೋಟ ಶುರು. ಈ ಕಡೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಮಿಶ್ರಣ ಹೊಡೆಯದ ಮನೆ ಕಡಿಮೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ 40-45 ದಿನ ಬಿಟ್ಟು ಇನ್ನೊಮ್ಮೆ. ಮೈಲುತುತ್ತ ಅಂದರೆ ತಾಮ್ರ. ತಾಮ್ರ ಮೀನಿನ ಕಿವಿರಿಗೆ ವಿಷ. ಅದರಲ್ಲೂ ನಮ್ಮ ಕಡೆಯ ಹಾಗೆ ಸುಣ್ಣದ ಅಂಶ ಕಡಿಮೆ ಇರುವ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಜಾಸ್ತಿ. ಮೀನು ಸಾಕುವ ಬಗ್ಗೆ ಎಷ್ಟೋ ಓದಿದ್ದೆ, ಕೇಳಿದ್ದೆ. ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅದಕ್ಕೇ ಮೊದಲು ಇದನ್ನೇ ಬರೆದೆ.

ಈಗ ಕೊನೆಗೌಡ, ಅಂದರೆ ಮರ ಹತ್ತಿ ಮದ್ದು ಹೊಡೆಯುವವ, ಬರುವ ಹಿಂದಿನ ಸಂಜೆಯೇ ಹೊಂಡದ ಮೇಲೆ ತಾಡಪತ್ರಿ ಕಟ್ಟುತ್ತೇನೆ. ನೀರಿಗೆ ತಾಗಿಸಬಾರದು. ಮನೆ ಕಡೆಯ ಬದಿ ಗಾಳಿಯಾಡುವಷ್ಟು ತೆರೆದಿರಬೇಕು, ಪೂರ್ತಿ ಮುಚ್ಚಿದರೆ ಮೀನಿಗೆ ಉಸಿರು ಕಟ್ಟುತ್ತದೆ. ಮದ್ದು ಹೊಡೆದ ದಿನವೇ ತೆಗೆಯುವುದಿಲ್ಲ. ಮರದ ಸೋಗೆಯಿಂದ ತೊಟ್ಟಿಕ್ಕುವುದು ನಿಂತು, ಮೊದಲ ಮಳೆ ಚೆನ್ನಾಗಿ ತೊಳೆದುಕೊಂಡು ಹೋದ ಮೇಲೆಯೇ ತೆಗೆಯುವುದು. ತಾಡಪತ್ರಿ ಮೇಲೆ ನಿಂತ ನೀರನ್ನು ಹೊಂಡದ ಕಡೆ ಬಗ್ಗಿಸಬೇಡಿ. ಮದ್ದು ಕಲಸಿದ ಡ್ರಮ್ಮು, ಕೊಡಪಾನ ಯಾವುದನ್ನೂ ಹೊಂಡದ ಹತ್ತಿರ ತೊಳೆಯಲು ಬಿಡಬೇಡಿ.

ಹೊಂಡದ ಲೆಕ್ಕ ಹೇಳುತ್ತೇನೆ. ಉದ್ದ 8 ಅಡಿ, ಅಗಲ 5 ಅಡಿ, ಆಳ ಎರಡೂವರೆ ಅಡಿ. ಸುಮಾರು 2,800 ಲೀಟರ್ ನೀರು. ಚಿರೆಕಲ್ಲು ಕಟ್ಟಿ ಸಿಮೆಂಟ್ ಗಿಲಾಯ ಮಾಡಿಸಿದ್ದು. ಹೊಸ ಸಿಮೆಂಟು ಸುಣ್ಣ ಬಿಡುತ್ತದೆ, ಆ ನೀರಿಗೆ ಮೀನು ಹಾಕಿದರೆ ಉಳಿಯುವುದಿಲ್ಲ. ಬಾಳೆ ದಿಂಡು ತುಂಡು ಮಾಡಿ ತುಂಬಿ, ನೀರು ಬಿಟ್ಟು, ವಾರಕ್ಕೊಮ್ಮೆ ಖಾಲಿ ಮಾಡಿ ಮತ್ತೆ ತುಂಬಿದೆ. ಹೀಗೆ ಮೂರು ವಾರ. ವಾಸನೆ ಬರುತ್ತದೆ, ತಡೆದುಕೊಳ್ಳಬೇಕು.

ಮೀನು ಎಷ್ಟು ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಉತ್ತರ ಒಂದೇ: ಕರೆಂಟ್ ಇಲ್ಲದೆ ಬದುಕುವಷ್ಟು. ಮಳೆಗಾಲದಲ್ಲಿ ನಮ್ಮಲ್ಲಿ ಒಮ್ಮೆ ಕರೆಂಟ್ ಹೋದರೆ ಎರಡು ದಿನ ಬರದೇ ಇರುವುದೂ ಉಂಟು. ಪಂಪು ನಂಬಿಕೊಂಡು ಇಪ್ಪತ್ತು ಮೀನು ಬಿಟ್ಟರೆ ಅಂಥ ರಾತ್ರಿಯಲ್ಲಿ ಏನು ಮಾಡುತ್ತೀರಿ? ನನ್ನ ಹತ್ತಿರ ಈಗ ಏಳು ದೊಡ್ಡ ಮೀನು ಇವೆ, ಎಲ್ಲ ಕಾಮೆಟ್ ಜಾತಿ, ಉದ್ದ ಬಾಲದ್ದು. ಗುಂಡು ಹೊಟ್ಟೆಯ ಒರಾಂಡಾ ನೋಡಲು ಚೆಂದ, ಆದರೆ ನಿಧಾನ. ಹೊರಗಿನ ಹೊಂಡದಲ್ಲಿ ಅದಕ್ಕೆ ಕಷ್ಟ. ನೀರಿನಲ್ಲಿ ಗಾಳಿ ಅತಿ ಕಡಿಮೆ ಇರುವುದು ಬೆಳಗಿನ ಜಾವ. ರಾತ್ರಿಯಿಡೀ ಗಿಡ, ಪಾಚಿಗಳೂ ಆಮ್ಲಜನಕ ಎಳೆದುಕೊಳ್ಳುತ್ತವಲ್ಲ. ಅದಕ್ಕೆ ಕರೆಂಟ್ ಇಲ್ಲದ ದಿನ ಐದು ಗಂಟೆಗೆದ್ದು ಹೊಂಡದ್ದೇ ನೀರು ಬಕೆಟಿನಲ್ಲಿ ಎತ್ತಿ ಮೇಲಿನಿಂದ ಸುರಿಯುತ್ತೇನೆ, ಒಂದು ಇಪ್ಪತ್ತು ಸಲ. ಅಷ್ಟಕ್ಕೇ ಅವು ಕೆಳಗೆ ಇಳಿಯುತ್ತವೆ.

ಫಿಲ್ಟರ್ ಮನೆಯಲ್ಲೇ ಮಾಡಿದ್ದು. ದೊಡ್ಡ ಪ್ಲಾಸ್ಟಿಕ್ ಬಕೆಟ್, ತಳದಲ್ಲಿ ಜಲ್ಲಿ, ಮೇಲೆ ಕುಮಟಾದಿಂದ ತಂದ ಹಳೇ ಬಲೆಯ ತುಂಡುಗಳು. ಪಂಪು ಕೊಳೆ ನೀರನ್ನು ಬಕೆಟಿಗೆ ಎತ್ತುತ್ತದೆ, ಅದು ಸೋಸಿಕೊಂಡು ವಾಪಸ್ ಬೀಳುತ್ತದೆ. ಮೀನಿನಿಂದ ಅಮೋನಿಯ ಬರುತ್ತದೆ, ಅದು ವಿಷ. ಬಲೆ, ಜಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಂದರೆ ಆ ಕಂದು ಲೋಳೆಯೇ ಫಿಲ್ಟರು. ಇದು ಗೊತ್ತಿಲ್ಲದೆ ಒಂದು ವರ್ಷ ಚೌತಿಗೆ ಮನೆಯೆಲ್ಲ ತೊಳೆಯುವಾಗ ಬಕೆಟನ್ನೂ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ಪಳಪಳ ಮಾಡಿಟ್ಟೆ. ಮೂರನೇ ದಿನಕ್ಕೆ ಮೀನುಗಳು ಮಂಕಾಗಿ ತಳ ಹಿಡಿದವು, ರೆಕ್ಕೆಯಲ್ಲಿ ಕೆಂಪು ಗೆರೆ ಬಂತು. ವಾರ ಪೂರ್ತಿ ದಿನಾ ಕಾಲು ಭಾಗ ನೀರು ಬದಲಿಸಿ, ಊಟ ನಿಲ್ಲಿಸಿ ಉಳಿಸಿಕೊಂಡೆ. ಈಗ ಬಲೆಯನ್ನು ಹೊಂಡದ ನೀರಲ್ಲೇ ಸುಮ್ನೆ ಒಮ್ಮೆ ಅದ್ದಿ ಹಿಂಡುವುದು ಅಷ್ಟೇ.

ಇನ್ನು ಮಳೆ. ಮೊದಲ ವರ್ಷ ಮಾಡಿನ ನೀರು ಹೊಂಡಕ್ಕೆ ಬೀಳುವಂತೆ ದಂಬೆ ಇಟ್ಟಿದ್ದೆ, ಪುಕ್ಕಟೆ ನೀರು ಅಂತ. ತಪ್ಪು. ಮಳೆ ನೀರಿನಲ್ಲಿ ಖನಿಜ ಏನೂ ಇರುವುದಿಲ್ಲ. ನಮ್ಮ ಬಾವಿ ನೀರೂ ಮೊದಲೇ ಮೆದು, ಸ್ವಲ್ಪ ಹುಳಿ. ಜುಲೈ ಹೊತ್ತಿಗೆ ಪಿಎಚ್ (ನೀರಿನ ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 6ಕ್ಕೆ ಇಳಿದಿತ್ತು, ಪಟ್ಟಿ ಅದ್ದಿ ನೋಡಿದಾಗ ಗೊತ್ತಾಯಿತು. ನೀರು ಅಷ್ಟು ಹುಳಿಯಾದರೆ ಫಿಲ್ಟರಿನ ಬ್ಯಾಕ್ಟೀರಿಯಾ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದಕ್ಕೆ ಮದ್ದು ಸಿಕ್ಕಿದ್ದು ಅಘನಾಶಿನಿ ಹೊಳೆಯಿಂದ. ಆ ಹೊಳೆ ಸಮುದ್ರ ಸೇರುವ ಕಡೆ ಚಿಪ್ಪಿಗೆ ಏನು ಬರಗಾಲ? ಅಲ್ಲಿಯ ನೆಂಟರ ಮನೆಯಲ್ಲಿ ಅಡುಗೆ ಆದ ಮೇಲೆ ಎಸೆಯುವ ಚಿಪ್ಪು ಎರಡು ಕೆಜಿ ತಂದೆ. ಚೆನ್ನಾಗಿ ಕುದಿಸಿ, ಉಜ್ಜಿ, ಒಣಗಿಸಿ, ಈರುಳ್ಳಿ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಬೀಳುವ ಜಾಗದಲ್ಲಿ ಇಟ್ಟೆ. ಚಿಪ್ಪು ನಿಧಾನವಾಗಿ ಕರಗಿ ನೀರಿಗೆ ಸುಣ್ಣದ ಅಂಶ ಕೊಡುತ್ತದೆ. ಎರಡು ವಾರಕ್ಕೆ ಪಿಎಚ್ 7ರ ಹತ್ತಿರ ಬಂತು, ಆಮೇಲೆ ಅಲ್ಲೇ ನಿಂತಿದೆ. ಸುಣ್ಣವನ್ನೇ ನೇರ ಹಾಕಿದರೆ ಪಿಎಚ್ ಒಮ್ಮೆಲೇ ಏರಿ ಮೀನು ಸಾಯುತ್ತವೆ, ಅದನ್ನು ಮಾಡಬೇಡಿ. ಹೊಂಡ ತುಂಬಿ ಹರಿಯುವ ಕಡೆ ಒಂದು ಪೈಪು ಇಟ್ಟು ಬಾಯಿಗೆ ಜಾಳಿಗೆ ಕಟ್ಟಿ. ಇಲ್ಲದಿದ್ದರೆ ದೊಡ್ಡ ಮಳೆಗೆ ಮೀನು ತೋಟದ ಕಾಲುವೆ ಸೇರುತ್ತವೆ.

ಮಿಂಚುಳ್ಳಿಗೆ ಅಂತ ನೈಲಾನ್ ಬಲೆ ಕಟ್ಟಿದ್ದೆ. ಅದರಲ್ಲಿ ಒಂದು ನೀರುಹಾವು ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಕತ್ತರಿಯಲ್ಲಿ ಎಳೆ ಎಳೆ ಬಿಡಿಸುವಾಗ ಕೈ ನಡುಗಿತು, ನೋಡಲಾಗಲಿಲ್ಲ. ಅವತ್ತೇ ಬಲೆ ತೆಗೆದೆ. ಈಗ ಅಡಿಕೆ ಮರ ಸೀಳಿದ ದಬ್ಬೆಯ ಚೌಕಟ್ಟು, ಎರಡು ಬೆರಳಿನ ಸಂದು ಬಿಟ್ಟು ಹೊಡೆಸಿದ್ದು. ಹಕ್ಕಿಗೂ ತಡೆ, ಬೇಸಿಗೆಯಲ್ಲಿ ನೆರಳೂ ಆಯಿತು.

ಊಟ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಸುವಷ್ಟು. ಬಂದ ನೆಂಟರ ಮಕ್ಕಳು ಮಂಡಕ್ಕಿ, ಅನ್ನ ಎಸೆಯದಂತೆ ನೋಡಿಕೊಳ್ಳಿ. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಎಷ್ಟು ಹಾಕಿದರೂ ಹಸಿದಂತೆಯೇ ಬರುತ್ತವೆ, ನಂಬಬೇಡಿ.

ಹೊಸ ಮೀನು ತಂದರೆ ನೇರ ಹೊಂಡಕ್ಕೆ ಬಿಡಬೇಡಿ. ಹುಬ್ಬಳ್ಳಿಯಿಂದ ಮೂರು ಮೀನು ತಂದಾಗ 40 ಲೀಟರಿನ ಟಬ್ಬಿನಲ್ಲಿ ಬೇರೆ ಇಟ್ಟಿದ್ದೆ. ಐದನೇ ದಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದವು. ಸಾಣಿಕಟ್ಟಾ ಕಲ್ಲುಪ್ಪು ಲೀಟರಿಗೆ 3 ಗ್ರಾಂ, ಒಟ್ಟು 120 ಗ್ರಾಂ, ಒಂದೇ ಸಲ ಅಲ್ಲ, ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪ ಕರಗಿಸಿ ಹಾಕಿದೆ. ದಿನಾ ಅರ್ಧ ನೀರು ಬದಲಿಸಿ, ತೆಗೆದಷ್ಟೇ ನೀರಿನ ಲೆಕ್ಕಕ್ಕೆ ಉಪ್ಪು ಸೇರಿಸಿದೆ. ಎರಡು ವಾರ ಬೇಕಾಯಿತು, ಮೂರೂ ಉಳಿದವು. ಹೊಂಡಕ್ಕೆ ಮಾತ್ರ ಉಪ್ಪು ಹಾಕುವುದಿಲ್ಲ, ಗಿಡ ಸಾಯುತ್ತವೆ. ಕಾರವಾರದಲ್ಲಿರುವ ನನ್ನ ತಂಗಿಗೆ ನಲ್ಲಿ ನೀರು. ಅವಳು ಕ್ಲೋರಿನ್ ಹೋಗಲಿ ಅಂತ ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಬಳಸುತ್ತಾಳೆ.

ಕಳೆದ ವರ್ಷ ಅಂತರಗಂಗೆಯ ಬೇರಿನಲ್ಲಿ ಮೊಟ್ಟೆ ಕಂಡವು, ಸಾಸಿವೆಗಿಂತ ಸಣ್ಣವು. ದೊಡ್ಡ ಮೀನುಗಳೇ ತಿಂದುಬಿಡುತ್ತವೆ ಅಂತ ಬೇರು ಸಮೇತ ಟಬ್ಬಿಗೆ ಎತ್ತಿದೆ. ನಾಲ್ಕು ದಿನಕ್ಕೆ ಮರಿ ಆದವು. ಹದಿನೊಂದು ಉಳಿದಿವೆ, ಇನ್ನೂ ಆ ಟಬ್ಬಿನಲ್ಲೇ. ಹುಟ್ಟುವಾಗ ಎಲ್ಲವೂ ಕಂದು ಬಣ್ಣ, ಎರಡಕ್ಕೆ ಈಗ ಹೊಟ್ಟೆ ಕಡೆಯಿಂದ ಕಿತ್ತಳೆ ಏರುತ್ತಿದೆ. ಅತ್ತೆ ದಿನಾ ಬೆಳಿಗ್ಗೆ ಹೂವು ಕೊಯ್ಯಲು ಹೋದವರು ಮೊದಲು ಅವನ್ನು ಎಣಿಸಿ ಬರುತ್ತಾರೆ.